ಐವತ್ತಕ್ಕೆ ಕಾಯದ ಸರ್ಪಸುತ್ತು

ನಮ್ಮ ಕಡೆ ಇದಕ್ಕೆ ಸರ್ಪಸುತ್ತು ಎನ್ನುತ್ತಾರೆ, ಕೆಲವು ಊರುಗಳಲ್ಲಿ ಸರ್ಪಹುಣ್ಣು. ಇಲ್ಲಿ ದೆಹಲಿ, ನೋಯ್ಡಾ, ಗಾಜಿಯಾಬಾದ್ ಕಡೆಯವರನ್ನು ಕೇಳಿದರೆ ‘ಮಕಡೀ ಮೂತ್ ಗಯೀ’ ಎನ್ನುತ್ತಾರೆ. ಮಲಗಿದ್ದಾಗ ಮೈಮೇಲೆ ಜೇಡ ಉಚ್ಚೆ ಹೊಯ್ದು ಹೋಗಿದೆ ಎಂದು ಅರ್ಥ. ವೈದ್ಯರ ಚೀಟಿಯಲ್ಲಿ ಇರುವ ಹೆಸರು ಹರ್ಪಿಸ್ ಜೋಸ್ಟರ್. ಜೋಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ಸೊಂಟದ ಪಟ್ಟಿ. ಇಂಗ್ಲಿಷಿನ ಶಿಂಗಲ್ಸ್ ಎಂಬ ಮಾತೂ ನಡುಪಟ್ಟಿ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಹಾವು, ಜೇಡ, ಪಟ್ಟಿ ಎಂದು ಹೆಸರು ಏನೇ ಇರಲಿ, ಎಲ್ಲರ ಕಣ್ಣಿಗೂ ಬಿದ್ದದ್ದು ಒಂದೇ ನೋಟ: ಮೈಯ ಒಂದೇ ಪಕ್ಕದಲ್ಲಿ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಸುತ್ತಿಕೊಂಡು ಬರುವ ನೀರುಗುಳ್ಳೆಗಳ ಸಾಲು.

ಇನ್ನೊಂದು ವಿಷಯದಲ್ಲೂ ಎಲ್ಲರದ್ದೂ ಒಂದೇ ಮಾತು. ಇದು ವಯಸ್ಸಾದವರಿಗೆ ಬರುವ ಕಾಯಿಲೆ ಎನ್ನುವುದು. ಟಿ.ವಿ.ಯಲ್ಲಿ ಬರುವ ಜಾಗೃತಿ ಜಾಹೀರಾತುಗಳು ಐವತ್ತು ದಾಟಿದವರನ್ನೇ ಉದ್ದೇಶಿಸಿ ಮಾತಾಡುತ್ತವೆ. ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲೂ ಬಿಳಿಕೂದಲಿನ ದಂಪತಿಯೇ ಇರುತ್ತಾರೆ. ಅದು ಸುಳ್ಳೇನಲ್ಲ. ವಯಸ್ಸಾದಂತೆ ಈ ಕಾಯಿಲೆಯ ಸಾಧ್ಯತೆ ಏರುತ್ತದೆ. ಆದರೆ ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಸೋರಿಯಾಸಿಸ್, ಕರುಳಿನ ಕ್ರೋನ್ಸ್ ಕಾಯಿಲೆ ಇಂಥ ಆಟೋಇಮ್ಯೂನ್ ತೊಂದರೆ ಇರುವವರಿಗೆ ಆ ಐವತ್ತರ ಗೆರೆ ಅನ್ವಯಿಸುವುದಿಲ್ಲ. ನನಗೆ ಸರ್ಪಸುತ್ತು ಬಂದದ್ದು 38ನೇ ವಯಸ್ಸಿನಲ್ಲಿ. ದೆಹಲಿ ಸುತ್ತಮುತ್ತ ಇರುವ ನಮ್ಮ ಕನ್ನಡದ ಮನೆಗಳಲ್ಲೇ ಆರ್ಥ್ರೈಟಿಸ್, ಲೂಪಸ್ ಎಂದು ಮಾತ್ರೆ ನುಂಗುತ್ತಿರುವ ಹಲವರು ನನಗೆ ಗೊತ್ತು. ಅವರಲ್ಲಿ ಹೆಚ್ಚಿನವರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಅದಕ್ಕೇ ಈ ಬರಹ. ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ಇಲ್ಲಿರುವುದು ನನ್ನ ಅನುಭವ, ಮತ್ತು ಓದಿ, ನನ್ನ ವೈದ್ಯರನ್ನು ಕೇಳಿ ಖಚಿತ ಮಾಡಿಕೊಂಡ ಸಂಗತಿಗಳು.

ಬಾಲ್ಯದ ಅಮ್ಮ ಎಲ್ಲಿಗೂ ಹೋಗಿರುವುದಿಲ್ಲ

ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಬರುವ ಕಾಯಿಲೆ ಅಲ್ಲ. ಚಿಕ್ಕಂದಿನಲ್ಲಿ ನಮಗೆ ಬಂದಿದ್ದ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್‌ನ ವೈರಸ್ಸೇ ಇದಕ್ಕೂ ಕಾರಣ. ಅದರ ಹೆಸರು ವೇರಿಸೆಲ್ಲಾ ಜೋಸ್ಟರ್. ಮನೆಯಲ್ಲಿ ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ಗುಳ್ಳೆ ಒಣಗಿದ ಮೇಲೆ ತಲೆಗೆ ನೀರು ಹಾಕಿದ್ದು ನಮ್ಮ ತಲೆಮಾರಿನ ಹಲವರಿಗೆ ನೆನಪಿರಬಹುದು. ಇಲ್ಲಿಯವರು ಅದಕ್ಕೆ ‘ಛೋಟಿ ಮಾತಾ’ ಎನ್ನುತ್ತಾರೆ. ಗುರುಗ್ರಾಮದ ಶೀತಲಾ ಮಾತೆಯ ಗುಡಿಗೆ ಚೈತ್ರದಲ್ಲಿ ಜನ ಸಾಲುಗಟ್ಟುವುದನ್ನು ನೋಡಿದಾಗಲೆಲ್ಲ, ನಮ್ಮ ಸೀತಾಳೆಗೂ ಇವರ ಶೀತಲೆಗೂ ಹೆಸರು ಎಷ್ಟು ಹತ್ತಿರ ಎನ್ನಿಸುತ್ತದೆ.

ಸಿಡುಬು ವಾಸಿಯಾದರೂ ವೈರಸ್ಸು ದೇಹ ಬಿಟ್ಟು ಹೋಗುವುದಿಲ್ಲ. ಚರ್ಮದಿಂದ ನರಗಳ ಮೂಲಕ ಹಿಂದಕ್ಕೆ ಸರಿದು, ಬೆನ್ನುಹುರಿಯ ಪಕ್ಕದಲ್ಲೂ ತಲೆಯೊಳಗೂ ಇರುವ ನರಗಂಟುಗಳಲ್ಲಿ ಸುಮ್ಮನೆ ಕೂರುತ್ತದೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಡಿಲೀಟ್ ಆಗದೆ ಹಿನ್ನೆಲೆಯಲ್ಲಿ ನಿದ್ದೆ ಮಾಡುತ್ತಿರುವ ಪ್ರೋಸೆಸ್. ಅದನ್ನು ಏಳದಂತೆ ಕಾಯುವುದು ಮುಖ್ಯವಾಗಿ ನಮ್ಮ ರಕ್ತದ ಟಿ ಕಣಗಳು. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಔಷಧಿಯಿಂದಲೋ ಆ ಕಾವಲು ಸಡಿಲವಾದರೆ ವೈರಸ್ಸು ಎದ್ದು, ತಾನು ಕೂತಿದ್ದ ನರದ ಗುಂಟ ಚರ್ಮದವರೆಗೆ ಬರುತ್ತದೆ. ಆ ನರ ಮೈಯ ಯಾವ ಪಟ್ಟಿಗೆ ಹೋಗುತ್ತದೋ ಆ ಪಟ್ಟಿಯಲ್ಲಷ್ಟೇ ಗುಳ್ಳೆ ಏಳುತ್ತದೆ. ಒಂದೇ ಪಕ್ಕಕ್ಕೆ, ನಡುಗೆರೆ ದಾಟದೆ ಬರುವ ಗುಟ್ಟು ಇದು.

ಇದನ್ನು ಮೊದಲು ಸ್ಪಷ್ಟವಾಗಿ ಮುಂದಿಟ್ಟವರಲ್ಲಿ ಪ್ರಮುಖರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯ ಎಡ್ಗರ್ ಹೋಪ್‌-ಸಿಂಪ್ಸನ್. ತಮ್ಮ ಕ್ಲಿನಿಕ್ಕಿಗೆ ಬಂದ ಸರ್ಪಸುತ್ತಿನ ರೋಗಿಗಳ ಲೆಕ್ಕವನ್ನು 16 ವರ್ಷ ಬರೆದಿಟ್ಟು, 192 ಪ್ರಕರಣಗಳ ಆಧಾರದ ಮೇಲೆ 1965ರಲ್ಲಿ ಅವರು ಈ ವಾದ ಮಂಡಿಸಿದರು. ಮನುಷ್ಯನ ನರಗಂಟಿನಲ್ಲಿ ಆ ವೈರಸ್ಸಿನ ಡಿಎನ್‌ಎ ಸಿಕ್ಕಿ ಅವರ ಮಾತು ಸರಿ ಎಂದು ಗೊತ್ತಾಗಲು ಮತ್ತೆ ಸುಮಾರು ಎರಡು ದಶಕ ಹಿಡಿಯಿತು.

ಚಿಕನ್ ಪಾಕ್ಸ್ ಲಸಿಕೆ ನಮ್ಮ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಈಗಿನ ಮಕ್ಕಳಿಗೆ ಖಾಸಗಿಯಾಗಿ ಹಾಕಿಸುವವರು ಇದ್ದಾರೆ. ಆದರೆ ನಮ್ಮ ವಯಸ್ಸಿನ ಬಹುಪಾಲು ಜನರೊಳಗೆ ಈ ವೈರಸ್ಸು ಮಲಗಿದೆ ಎಂದೇ ಇಟ್ಟುಕೊಳ್ಳಬೇಕು.

ಕುರ್ತಾ ತಗುಲಿದರೂ ಉರಿ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗಿ ಏಳು ವರ್ಷ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಮಾರನೇ ದಿನ ಫೋಲಿಕ್ ಆಸಿಡ್, ಕೈಬೆರಳು ಬಾತಾಗ ಸ್ವಲ್ಪ ದಿನ ಸ್ಟೀರಾಯ್ಡ್. ಅದು ಸಾಲದಾದಾಗ ಒಂದೂವರೆ ವರ್ಷದ ಹಿಂದೆ ಟೊಫಾಸಿಟಿನಿಬ್ ಮಾತ್ರೆ ಸೇರಿತು. ಆ ಮಾತ್ರೆಯಿಂದ ನನಗೆ ಬಹಳ ಉಪಕಾರ ಆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುವುದು ತಪ್ಪಿತು. ಕೀಬೋರ್ಡ್ ಮೇಲೆ ಕೈ ಮೊದಲಿನಂತೆ ಓಡತೊಡಗಿತು.

ಜನವರಿಯ ಒಂದು ಸೋಮವಾರ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಕೀಲುನೋವಿನ ಪರಿಚಯ ನನಗೆ ಚೆನ್ನಾಗಿದೆ. ಇದು ಆ ಜಾತಿಯದ್ದಲ್ಲ. ಒಳಗಿನಿಂದ ಸೂಜಿ ಚುಚ್ಚಿದ ಹಾಗೆ, ನಡುವೆ ಕರೆಂಟ್ ಹೊಡೆದ ಹಾಗೆ. ಕುರ್ತಾದ ಬಟ್ಟೆ ತಗುಲಿದರೂ ಉರಿ. ಚರ್ಮ ನೋಡಿದರೆ ಏನೂ ಇಲ್ಲ. ಮನೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ ಇರಬೇಕು ಎಂದು ಮಾತ್ರೆ ಕೊಟ್ಟರು. ಆ ದಿನ ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತೇನೋ. ಸರ್ಪಸುತ್ತಿನಲ್ಲಿ ಗುಳ್ಳೆಗೆ ಮೊದಲು ನೋವು ಬರುವುದೇ ಹೆಚ್ಚು. ಎದೆಯ ಹತ್ತಿರ ಬಂದರೆ ಹೃದಯದ ನೋವೆಂದೂ, ಸೊಂಟದಲ್ಲಿ ಬಂದರೆ ಕಿಡ್ನಿ ಕಲ್ಲೆಂದೂ ಓಡಾಡಿದವರು ಬಹಳ ಜನ.

ಬುಧವಾರ ಸಂಜೆ ಕೆಂಪು ದದ್ದು ಕಂಡಿತು, ಅದರ ಮೇಲೆ ಸಣ್ಣ ನೀರುಗುಳ್ಳೆಗಳ ಗೊಂಚಲು. ಅಡಿಗೆಗೆ ಬರುವ ದೀದಿ ನೋಡಿದವಳೇ “ಮಕಡೀ ಹೈ” ಎಂದಳು. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

“ಕ್ಯಾಮೆರಾ ಹತ್ರ ತಾರೇ ನೋಡನ... ಪುಟ್ಟೀ, ಇದು ಸರ್ಪಸುತ್ತು ಕಣೇ. ನಿನ್ನ ಅಜ್ಜಯ್ಯಂಗೆ ಹೀಗೇ ಆಗಿತ್ತು.”

“ಅಜ್ಜಯ್ಯಂಗೆ ಆಗ ಎಪ್ಪತ್ತಲ್ವೇನಮ್ಮ?”

“ಹೌದು. ನಿಂಗ್ಯಾಕೆ ಇಷ್ಟು ಬೇಗ ಬಂತು ಅಂತ್ಲೇ ನಂಗೂ ಹೆದ್ರಿಕೆ.”

ಫೋಟೋ ತೆಗೆದು ನನ್ನ ರುಮಟಾಲಜಿಸ್ಟರಿಗೆ ಕಳಿಸಿದೆ. ಅದೇ ರಾತ್ರಿ ಆಂಟಿವೈರಲ್ ಮಾತ್ರೆ ಶುರುವಾಯಿತು. ಟೊಫಾಸಿಟಿನಿಬ್ ಸದ್ಯಕ್ಕೆ ನಿಲ್ಲಿಸಲು ಹೇಳಿದರು. ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟಿ ಒಣಗಿದ ಮೇಲೆ ಅವರೇ ಮತ್ತೆ ಶುರು ಮಾಡಿಸಿದರು. ಹೊಸ ಗುಳ್ಳೆ ಏಳುವುದು ನಾಲ್ಕೈದು ದಿನಕ್ಕೆ ನಿಂತಿತು. ನೋವು ಪೂರ್ತಿ ಹೋಗಲು ಆರು ವಾರ ಬೇಕಾಯಿತು. ಆ ಜನವರಿಯ ಚಳಿಯಲ್ಲಿ ರಜಾಯಿ ಹೊದ್ದರೆ ಉರಿ, ತೆಗೆದರೆ ನಡುಕ. ಎಷ್ಟೋ ರಾತ್ರಿ ದಿಂಬು ಒರಗಿಕೊಂಡು ಎಡಪಕ್ಕಕ್ಕೆ ಕೂತೇ ನಿದ್ದೆ. ಔಷಧಿ ನಿಂತ ದಿನಗಳಲ್ಲಿ ಬೆರಳಿನ ಗೆಣ್ಣುಗಳು ಮತ್ತೆ ಬಾತವು, ಹೀಗಾಗಿ ಎರಡು ಕಡೆಯ ನೋವು ಒಟ್ಟಿಗೆ. ಆದರೂ ಔಷಧಿ ಬೇಗ ಶುರುವಾದದ್ದರಿಂದ ಇಷ್ಟರಲ್ಲೇ ಮುಗಿಯಿತು ಎಂದರು ಡಾಕ್ಟರು.

ನಮಗೇ ಯಾಕೆ ಹೆಚ್ಚು

ಆಟೋಇಮ್ಯೂನ್ ಕಾಯಿಲೆ ಎಂದರೆ ಕಾವಲುಗಾರರೇ ದಾರಿ ತಪ್ಪಿ ಮನೆಯವರ ಮೇಲೆ ಕೈ ಮಾಡುವುದು. ಹೊರಗಿನವರನ್ನು ತಡೆಯುವ ಕೆಲಸದಲ್ಲೂ ಅವರು ಅಷ್ಟೊಂದು ಗಟ್ಟಿಯಾಗಿರುವುದಿಲ್ಲ. ಮನೆಯವರನ್ನು ಉಳಿಸಲು ಆ ಕಾವಲುಗಾರರ ಕೈ ಕಟ್ಟುವ ಔಷಧಿ ಕೊಡುತ್ತಾರೆ. ಹೀಗೆ ಕಾಯಿಲೆಯಿಂದ ಒಂದು ಪಾಲು, ಔಷಧಿಯಿಂದ ಒಂದು ಪಾಲು ಅಪಾಯ ಸೇರುತ್ತದೆ.

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಸರ್ಪಸುತ್ತಿನ ಸಾಧ್ಯತೆ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು. ಲೂಪಸ್ ಇರುವವರಿಗೆ ಅದಕ್ಕಿಂತಲೂ ಹೆಚ್ಚು. ಅಮೆರಿಕದ ವಿಮಾ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. 21ರಿಂದ 50 ವಯಸ್ಸಿನ ಲೂಪಸ್ ಮತ್ತು ರುಮಟಾಯ್ಡ್ ಆರ್ಥ್ರೈಟಿಸ್ ರೋಗಿಗಳಲ್ಲಿ ಸರ್ಪಸುತ್ತಿನ ಪ್ರಮಾಣ, ಅರವತ್ತು ದಾಟಿದ ಆರೋಗ್ಯವಂತರ ಪ್ರಮಾಣಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚು ಎಂದು ಆ ಅಧ್ಯಯನ ತೋರಿಸಿತು. ಅಂದರೆ ಈ ಒಂದು ವಿಷಯದ ಮಟ್ಟಿಗೆ ಮೂವತ್ತರ ಲೂಪಸ್ ರೋಗಿಯೂ ಅರವತ್ತರ ಆರೋಗ್ಯವಂತರೂ ಒಂದೇ ಸಾಲಿನಲ್ಲಿ. ಅರವತ್ತರವರಿಗೆ ಲಸಿಕೆಯ ನೆನಪು ಮಾಡಲು ಪೋಸ್ಟರ್ ಇದೆ, ಮೂವತ್ತರವರಿಗೆ ಇಲ್ಲ.

ಔಷಧಿಗಳೆಲ್ಲ ಒಂದೇ ಅಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಾಮಾನ್ಯ ಪ್ರಮಾಣದ ಮೆಥೊಟ್ರೆಕ್ಸೇಟ್ ಈ ಅಪಾಯವನ್ನು ಹೆಚ್ಚೇನೂ ಏರಿಸುವುದಿಲ್ಲ. ಸ್ಟೀರಾಯ್ಡ್ ಏರಿಸುತ್ತದೆ, ಡೋಸ್ ಏರಿದಂತೆ ಅಪಾಯವೂ ಏರುತ್ತದೆ. ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಮೀರಿದಾಗ ಅದು ಸ್ಪಷ್ಟವಾಗಿ ಕಾಣುತ್ತದೆ. ಲೂಪಸ್‌ನಲ್ಲಿ ಕೊಡುವ ಸೈಕ್ಲೋಫಾಸ್ಫಮೈಡ್ ಕೂಡ ಈ ಪಟ್ಟಿಯಲ್ಲಿದೆ. ಇವೆಲ್ಲಕ್ಕಿಂತ ಎದ್ದು ಕಾಣುವುದು ಜಾಕ್ ಇನ್‌ಹಿಬಿಟರ್ ಎಂಬ ಗುಂಪು. ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್, ಉಪಾಡಾಸಿಟಿನಿಬ್ ಈ ಗುಂಪಿನವು. ವೈರಸ್ಸನ್ನು ಅದುಮಿಡಲು ಬೇಕಾದ ಇಂಟರ್‌ಫೆರಾನ್ ಸಂದೇಶವನ್ನೂ ಇವು ದಾರಿಯಲ್ಲೇ ತಡೆಯುತ್ತವೆ. ಇಂಜೆಕ್ಷನ್ ರೂಪದ ಬಯೋಲಾಜಿಕ್ ಔಷಧಿಗಳಿಗೆ ಹೋಲಿಸಿದರೆ ಟೊಫಾಸಿಟಿನಿಬ್ ತೆಗೆದುಕೊಳ್ಳುವವರಲ್ಲಿ ಸರ್ಪಸುತ್ತು ಸರಿಸುಮಾರು ಎರಡು ಪಟ್ಟು ಕಂಡಿದೆ. ಔಷಧಿಯ ಪರೀಕ್ಷೆಗಳಲ್ಲಿ ಜಪಾನ್ ಮತ್ತು ಕೊರಿಯಾದ ರೋಗಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು.

ಟೊಫಾಸಿಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಈಗ ನಮ್ಮಲ್ಲಿ ಹಲವು ಕಂಪನಿಗಳ ಜೆನೆರಿಕ್ ಮಾತ್ರೆ ಸಿಗುತ್ತದೆ, ಬಯೋಲಾಜಿಕ್ ಇಂಜೆಕ್ಷನ್ನಿಗಿಂತ ಬಹಳ ಅಗ್ಗ. ಅಗ್ಗವಾದದ್ದು ಒಳ್ಳೆಯದೇ, ನನ್ನಂಥ ಎಷ್ಟೋ ಜನರ ಕೈ ಮತ್ತೆ ಆಡುತ್ತಿದೆ. ಆದರೆ ಆ ಮಾತ್ರೆಯ ಜೊತೆಗೆ ಸರ್ಪಸುತ್ತಿನ ಮಾತೂ ರೋಗಿಗೆ ತಲುಪಬೇಕು.

ಇದು ಎಲ್ಲೋ ನಾಲ್ಕು ಜನರ ಕಥೆಯಲ್ಲ. ಏಮ್ಸ್‌ನ ಡಾ. ಎ. ಎನ್. ಮಾಳವೀಯ ಮತ್ತು ಸಂಗಡಿಗರು ದೆಹಲಿ ಸಮೀಪದ ಹಳ್ಳಿಗಳಲ್ಲಿ 44,551 ವಯಸ್ಕರ ಸಮೀಕ್ಷೆ ನಡೆಸಿ 1993ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರು ಶೇ 0.75. ಆ ಪ್ರಮಾಣವನ್ನೇ ಹಿಡಿದರೆ ಪ್ರತಿ ಒಂದು ಕೋಟಿ ವಯಸ್ಕರಲ್ಲಿ 75 ಸಾವಿರ ಜನ. ಅವರಲ್ಲಿ ಹೆಂಗಸರೇ ಹೆಚ್ಚು, ಅದೂ ಸಾಮಾನ್ಯವಾಗಿ ಮೂವತ್ತರಿಂದ ಐವತ್ತರೊಳಗೆ ಕಾಯಿಲೆ ಶುರುವಾದವರು. ಪೋಸ್ಟರಿನ ವಯಸ್ಸಿಗೆ ಇನ್ನೂ ಬಾರದವರು.

ಮೂರು ದಿನದ ಲೆಕ್ಕ

ಸರ್ಪಸುತ್ತಿಗೆ ಔಷಧಿ ಇದೆ. ಅಸೈಕ್ಲೊವಿರ್, ವ್ಯಾಲಸೈಕ್ಲೊವಿರ್, ಫ್ಯಾಮ್ಸಿಕ್ಲೊವಿರ್ ಎಂಬ ಮಾತ್ರೆಗಳು. ಅಸೈಕ್ಲೊವಿರ್ ಅಭಿವೃದ್ಧಿಯ ಹಿಂದೆ ಇದ್ದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಪಡೆದವರು. ಈ ಮಾತ್ರೆಗಳು ವೈರಸ್ಸು ಹೆಚ್ಚುವುದನ್ನು ತಡೆಯುತ್ತವೆ, ಆದ್ದರಿಂದ ಬೇಗ ಶುರು ಮಾಡಿದಷ್ಟೂ ಲಾಭ. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಎನ್ನುವುದು ಸಾಮಾನ್ಯ ಲೆಕ್ಕ. ನಮ್ಮಂಥವರು ಆ ಮೂರು ದಿನ ಕಳೆದರೂ ಸುಮ್ಮನಾಗಬಾರದು. ರೋಗನಿರೋಧಕ ಶಕ್ತಿ ಕಮ್ಮಿ ಇರುವವರಿಗೆ ತಡವಾಗಿ ಬಂದರೂ ವೈದ್ಯರು ಔಷಧಿ ಕೊಡುತ್ತಾರೆ.

ಮಾತ್ರೆಯ ಪ್ರಮಾಣ ದೊಡ್ಡದು. ಅಸೈಕ್ಲೊವಿರ್ ಆದರೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಕಮ್ಮಿ ಮಾಡಬೇಕು. ಲೂಪಸ್ ರೋಗಿಗಳಲ್ಲಿ ಕಿಡ್ನಿ ತೊಂದರೆ ಸಾಮಾನ್ಯವಾದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಔಷಧಿ ಇದಲ್ಲ. ಹಾಗೆಯೇ ಅಲರ್ಜಿ ಎಂದುಕೊಂಡು ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಿಕೊಳ್ಳುವುದೂ ಬೇಡ.

ಕೆಲವು ಲಕ್ಷಣ ಕಂಡರೆ ಮಾರನೇ ದಿನದ ಅಪಾಯಿಂಟ್‌ಮೆಂಟಿಗೂ ಕಾಯಬಾರದು.

ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರು ನೋಡಬೇಕು. ಮೂಗಿನ ತುದಿಗೂ ಕಣ್ಣಿಗೂ ಹೋಗುವ ನರದ ಕವಲು ಒಂದೇ. ದೃಷ್ಟಿ ಹೋಗುವ ಅಪಾಯ ಇದೆ. ದೆಹಲಿಯಲ್ಲಿ ಏಮ್ಸ್‌ನ ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ ಇದೆ, ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಕಣ್ಣಿನ ವಿಭಾಗ ಇರುತ್ತದೆ.

ಕಿವಿಯಲ್ಲಿ ಗುಳ್ಳೆ, ಜೊತೆಗೆ ಮುಖದ ಒಂದು ಪಕ್ಕ ಸೊಟ್ಟಗಾಗುವುದು ಇನ್ನೊಂದು. ಗಾಯಕ ಜಸ್ಟಿನ್ ಬೀಬರ್ 28ರ ಹರೆಯದಲ್ಲಿ, 2022ರಲ್ಲಿ ತಮಗೆ ಬಂದಿದೆ ಎಂದು ಹೇಳಿಕೊಂಡ ರಾಮ್ಸೇ ಹಂಟ್ ಸಿಂಡ್ರೋಮ್ ಇದೇ ವೈರಸ್ಸಿನದು.

ಮೂರನೆಯದು ನಮ್ಮಂಥವರಿಗೆ ವಿಶೇಷವಾಗಿ ಸೇರಿದ್ದು. ಗುಳ್ಳೆ ಒಂದು ಪಟ್ಟಿ ಬಿಟ್ಟು ಬೇರೆ ಬೇರೆ ಕಡೆ, ಎರಡೂ ಪಕ್ಕಕ್ಕೆ ಹರಡಿದರೆ, ಜ್ವರ, ಉಸಿರಾಟದ ತೊಂದರೆ, ತಲೆನೋವು, ಗೊಂದಲ ಶುರುವಾದರೆ ಆಸ್ಪತ್ರೆಗೆ ಸೇರಿ ರಕ್ತನಾಳದ ಮೂಲಕ ಔಷಧಿ ಪಡೆಯಬೇಕಾಗುತ್ತದೆ.

ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಊರಲ್ಲಿ ಹೆದರಿಸುತ್ತಾರಲ್ಲ, ಆರೋಗ್ಯವಂತರಲ್ಲಿ ಅದು ಕೂಡುವ ಸಂದರ್ಭವೇ ಅಪರೂಪ, ಏಕೆಂದರೆ ಒಂದು ಪಕ್ಕದ ನರ ನಡುಗೆರೆ ದಾಟುವುದಿಲ್ಲ. ಕೂಡಿದ ಮಾತ್ರಕ್ಕೆ ಸಾವು ಎಂಬುದೂ ಇಲ್ಲ. ಕಾವಲು ಸಡಿಲ ಇರುವವರಲ್ಲಿ ಹರಡುವುದು ಅಪಾಯದ ಸೂಚನೆ ಎನ್ನುವುದಂತೂ ನಿಜ, ಮತ್ತು ಅದಕ್ಕೆ ಚಿಕಿತ್ಸೆ ಇದೆ.

ಬರೆಸುವುದು, ಮಣ್ಣು ಹಚ್ಚುವುದು

ನಮ್ಮ ಕಡೆ ಸರ್ಪಸುತ್ತಿಗೆ ಬರೆಸುವ ರೂಢಿ ಇದೆ. ತಿಳಿದವರು ಗುಳ್ಳೆಯ ಸುತ್ತ ಏನೋ ಬರೆದು ಮಂತ್ರ ಹೇಳುತ್ತಾರೆ. ಕೆಮ್ಮಣ್ಣು ಕಲಸಿ ಹಚ್ಚುವುದೂ ಇದೆ. ನಾಗದೋಷ ಎಂದು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸೇವೆ ಹೇಳಿಕೊಳ್ಳುವವರೂ ಇದ್ದಾರೆ. ಅಮ್ಮ ಫೋನಿನಲ್ಲಿ ಮೂರನ್ನೂ ಹೇಳಿದಳು. ಆರೋಗ್ಯವಂತರಲ್ಲಿ ಗುಳ್ಳೆ ಎರಡು-ನಾಲ್ಕು ವಾರದಲ್ಲಿ ತಾನಾಗಿ ಒಣಗುತ್ತದೆ, ಹಾಗಾಗಿ ಬರೆಸಿದ್ದರಿಂದಲೇ ವಾಸಿಯಾಯಿತು ಎಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆ.

ಅಮ್ಮನ ಜೊತೆ ನಾನು ಜಗಳಕ್ಕೆ ಹೋಗಲಿಲ್ಲ. ಹರಕೆ ನಿನ್ನದು, ಮಾತ್ರೆ ನನ್ನದು ಎಂದು ಒಪ್ಪಂದವಾಯಿತು. ಮಣ್ಣು ಮಾತ್ರ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದೆ. ಒಡೆದ ಗುಳ್ಳೆಯ ಮೇಲೆ ಮಣ್ಣು, ಸೊಪ್ಪಿನ ರಸ ಬಿದ್ದರೆ ಬ್ಯಾಕ್ಟೀರಿಯಾ ಸೋಂಕು ಸೇರಿಕೊಳ್ಳಬಹುದು. ಸ್ಟೀರಾಯ್ಡ್ ತಿನ್ನುವ ಮೈಯಲ್ಲಿ ಅದು ಬೇಗ ಕೆಡುತ್ತದೆ. ಜಾಗವನ್ನು ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು, ಒಣಗಿಸಿ, ಸಡಿಲ ಹತ್ತಿ ಬಟ್ಟೆಯಿಂದ ಮುಚ್ಚಿಡುವುದಷ್ಟೇ ಸಾಕು.

ಮುಚ್ಚಿಡಲು ಇನ್ನೊಂದು ಕಾರಣ ಇದೆ. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿ ವೈರಸ್ಸು ಇರುತ್ತದೆ. ಚಿಕನ್ ಪಾಕ್ಸ್ ಆಗದೆ ಇರುವ, ಲಸಿಕೆಯೂ ಹಾಕಿಸಿಕೊಳ್ಳದ ಮಗುವಿಗೋ ದೊಡ್ಡವರಿಗೋ ಅದು ತಾಗಿದರೆ ಚಿಕನ್ ಪಾಕ್ಸ್ ಬರಬಹುದು. ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯಲ್ಲಿ ಬಸುರಿ ಸೊಸೆ ಇದ್ದಳು. ಹಕ್ಕಳೆ ಕಟ್ಟುವವರೆಗೆ ಆ ಮನೆ ಕಡೆ ಹೋಗಲಿಲ್ಲ, ಟವೆಲು ಹಾಸಿಗೆ ಬೇರೆ ಇಟ್ಟುಕೊಂಡೆ, ಕೆಲಸ ಮನೆಯಿಂದಲೇ ಮಾಡಿದೆ.

ಲಸಿಕೆಯ ಮಾತು

ಹಿಂದೆ ಸರ್ಪಸುತ್ತಿಗೆ ಇದ್ದದ್ದು ಜೀವಂತ ವೈರಸ್ಸಿನ ಲಸಿಕೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವವರಿಗೆ ಅದನ್ನು ಕೊಡುವುದು ಅಪಾಯ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕೊಡಲಾಗದ ಸ್ಥಿತಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಶಿಂಗ್ರಿಕ್ಸ್ ಈ ತೊಡಕನ್ನು ಬಿಡಿಸಿತು. ಅದರಲ್ಲಿ ವೈರಸ್ಸು ಇಲ್ಲ. ವೈರಸ್ಸಿನ ಒಂದು ಪ್ರೋಟೀನೂ, ದೇಹವನ್ನು ಎಚ್ಚರಿಸುವ ಒಂದು ಸಹಾಯಕ ವಸ್ತುವೂ ಇವೆ. ಲಸಿಕೆಯಿಂದ ಸರ್ಪಸುತ್ತೇ ಬಂದುಬಿಡುತ್ತದೆ ಎಂಬ ಭಯ ಬೇಡ. ಐವತ್ತು ದಾಟಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಶೇ 97ರಷ್ಟು, ಎಪ್ಪತ್ತು ದಾಟಿದವರಲ್ಲಿ ಸುಮಾರು ಶೇ 90ರಷ್ಟು ರಕ್ಷಣೆ ಕೊಟ್ಟಿತು. ಮೂಳೆಮಜ್ಜೆ ಕಸಿಯಾದವರ, ಅಂದರೆ ಕಾವಲು ತೀರಾ ಕುಸಿದವರ ಪರೀಕ್ಷೆಯಲ್ಲಿ ರಕ್ಷಣೆ ಶೇ 68. ಆಟೋಇಮ್ಯೂನ್ ಔಷಧಿ ತಿನ್ನುವವರಿಗೂ ಪೂರ್ತಿ ಆರೋಗ್ಯವಂತರಷ್ಟು ರಕ್ಷಣೆ ಸಿಗದೇ ಇರಬಹುದು. ಆದರೂ ಅದು ಸಣ್ಣ ಲಾಭವಲ್ಲ.

ಅಮೆರಿಕದಲ್ಲಿ 2021ರಲ್ಲಿ, ರೋಗನಿರೋಧಕ ಶಕ್ತಿ ಕುಂದಿದ 18 ದಾಟಿದವರಿಗೂ ಈ ಲಸಿಕೆಯ ಒಪ್ಪಿಗೆ ವಿಸ್ತರಿಸಿತು. ಅಲ್ಲಿನ ರುಮಟಾಲಜಿ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ತನ್ನ 2022ರ ಲಸಿಕಾ ಮಾರ್ಗಸೂಚಿಯಲ್ಲಿ, ಇಂಥ ಔಷಧಿ ತಿನ್ನುವ 18 ದಾಟಿದ ರೋಗಿಗಳಿಗೆ ಇದನ್ನು ಬಲವಾಗಿ ಶಿಫಾರಸು ಮಾಡಿದೆ. ಭಾರತಕ್ಕೆ ಶಿಂಗ್ರಿಕ್ಸ್ ಬಂದದ್ದು 2023ರಲ್ಲಿ, ಐವತ್ತು ದಾಟಿದವರ ಲಸಿಕೆ ಎಂದು. ಜನರ ತಲೆಯಲ್ಲಿ ಐವತ್ತು ಕೂತಿರುವುದು ಹೀಗೆ. ಅದಕ್ಕಿಂತ ಚಿಕ್ಕವರಿಗೆ ಯಾವಾಗ, ಕೊಡಬೇಕೋ ಬೇಡವೋ ಎಂಬುದನ್ನು ನಿಮ್ಮ ಔಷಧಿಗಳನ್ನು ಬಲ್ಲ ರುಮಟಾಲಜಿಸ್ಟರೇ ನಿರ್ಧರಿಸಬೇಕು. ಕೇಳದೆ ಆ ಮಾತು ಬರುವುದು ಕಷ್ಟ, ಹೊರರೋಗಿ ವಿಭಾಗದ ಹತ್ತು ನಿಮಿಷದಲ್ಲಿ ಕೀಲು, ರಕ್ತಪರೀಕ್ಷೆ, ಮಾತ್ರೆಯ ಚೀಟಿ ಇಷ್ಟಕ್ಕೇ ಹೊತ್ತು ಮುಗಿಯುತ್ತದೆ.

ಎರಡು ಡೋಸ್, ತೋಳಿಗೆ. ಸಾಮಾನ್ಯವಾಗಿ ಎರಡರಿಂದ ಆರು ತಿಂಗಳ ಅಂತರ. ರೋಗನಿರೋಧಕ ಶಕ್ತಿ ಕಮ್ಮಿ ಇರುವವರಿಗೆ ಒಂದು-ಎರಡು ತಿಂಗಳಿಗೇ ಎರಡನೆಯದನ್ನು ಕೊಡಬಹುದು. ಸಾಧ್ಯವಾದರೆ ಜಾಕ್ ಗುಂಪಿನ ಮಾತ್ರೆ ಅಥವಾ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಶುರು ಮಾಡುವ ಮೊದಲೇ ಹಾಕಿಸುವುದು ಮೇಲು. ರಿಟುಕ್ಸಿಮ್ಯಾಬ್ ಪಡೆಯುವವರಿಗೆ ಇಂಜೆಕ್ಷನ್ನಿನ ದಿನ ನೋಡಿ ಲಸಿಕೆಯ ದಿನ ಗೊತ್ತು ಮಾಡುತ್ತಾರೆ. ಒಮ್ಮೆ ಸರ್ಪಸುತ್ತು ಬಂದವರಿಗೂ ಮತ್ತೆ ಬರಬಹುದು. ಅದು ವಾಸಿಯಾದ ಮೇಲೆ ಅವರೂ ಲಸಿಕೆ ಹಾಕಿಸಿಕೊಳ್ಳಬಹುದು.

ನಾನು ವಾಸಿಯಾಗಿ ಆರು ತಿಂಗಳ ಮೇಲೆ, ನನ್ನ ಡಾಕ್ಟರ ತೀರ್ಮಾನದಂತೆ, ಎರಡೂ ಡೋಸ್ ಹಾಕಿಸಿಕೊಂಡೆ. ಎರಡು ದಿನ ತೋಳು ಎತ್ತಲಾಗದಷ್ಟು ನೋವು, ಮೈಕೈ ನೋವು, ಸಣ್ಣ ಜ್ವರ. ಶುಕ್ರವಾರ ಸಂಜೆ ಹಾಕಿಸಿಕೊಂಡದ್ದರಿಂದ ಸೋಮವಾರದ ಮೀಟಿಂಗಿಗೆ ಸರಿಯಾಗಿದ್ದೆ. ಗಿಲಾನ್ ಬಾರೆ ಎಂಬ ನರದ ತೊಂದರೆ ಲಸಿಕೆಯ ನಂತರ ಅತಿ ವಿರಳವಾಗಿ, ಹತ್ತು ಲಕ್ಷ ಡೋಸಿಗೆ ಬೆರಳೆಣಿಕೆಯಷ್ಟು, ಕಂಡಿದೆ ಎಂದು ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಸೇರಿಸಿದ್ದಾರೆ. ಆ ತೊಂದರೆ ಹಿಂದೆ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ನಿಜವಾದ ಅಡ್ಡಿ ದುಡ್ಡು. ಎರಡು ಡೋಸಿಗೆ ನನಗೆ 20 ಸಾವಿರ ರೂಪಾಯಿ ದಾಟಿತು. ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಆಸ್ಪತ್ರೆಗೆ ಸೇರಿದರೆ ಲಕ್ಷಗಳ ಬಿಲ್ ಕೊಡುತ್ತದೆ, ಸೇರದಂತೆ ತಡೆಯುವ ಲಸಿಕೆಗೆ ಒಂದು ರೂಪಾಯಿ ಕೊಡಲಿಲ್ಲ. ನನಗೆ ಅದು ಒಂದು ತಿಂಗಳ ಉಳಿತಾಯ. ಇಲ್ಲಿಗೆ ಬಂದು ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವ ನಮ್ಮವರಿಗೆ ತಿಂಗಳ ಸಂಬಳಕ್ಕಿಂತ ಹೆಚ್ಚಾಗಬಹುದು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ. ಎಲ್ಲ ವಯಸ್ಕರಿಗೂ ಅಲ್ಲದಿದ್ದರೆ ಬೇಡ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಪಡೆಯುತ್ತಿರುವವರಿಗಾದರೂ ಅದೇ ಕೌಂಟರಿನಲ್ಲಿ ಲಸಿಕೆ ಸಿಗಬೇಕು ಎಂಬುದು ನನ್ನ ಆಸೆ. ಕಂಪನಿಗಳಲ್ಲಿ ಎಚ್‌ಆರ್‌ನಲ್ಲಿರುವ ನಮ್ಮ ಓದುಗರು ವಿಮೆ ನವೀಕರಣದ ಹೊತ್ತಿಗೆ ವಯಸ್ಕರ ಲಸಿಕೆಯ ವಿಷಯ ಎತ್ತಬಹುದು.

ಮುಂದಿನ ಭೇಟಿಗೆ ಮುನ್ನ

ನಿಮಗೋ ಮನೆಯವರಿಗೋ ಇಂಥ ಕಾಯಿಲೆ ಇದ್ದರೆ ಮೊದಲು ಊರಿಗೆ ಫೋನ್ ಮಾಡಿ, ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತೇ ಎಂದು ಕೇಳಿ. ನಮ್ಮ ತಲೆಮಾರಿಗೆ ತಾಯಂದಿರ ನೆನಪೇ ಆರೋಗ್ಯದ ದಾಖಲೆ. ಆಮೇಲೆ ವೈದ್ಯರನ್ನು ಕೇಳಬೇಕಾದ್ದು ನಾಲ್ಕು. ನಾನು ತಿನ್ನುವ ಔಷಧಿಯಲ್ಲಿ ಸರ್ಪಸುತ್ತಿನ ಅಪಾಯ ಏರಿಸುವುದು ಯಾವುದು? ನನ್ನ ವಯಸ್ಸು ಐವತ್ತಾಗದಿದ್ದರೂ ಲಸಿಕೆ ಬೇಕೇ, ಯಾವಾಗ? ಒಂದು ಪಕ್ಕಕ್ಕೆ ಉರಿ, ಗುಳ್ಳೆ ಕಂಡರೆ ರಾತ್ರಿ ಹೊತ್ತಿನಲ್ಲಿ ಯಾರಿಗೆ ತಿಳಿಸಬೇಕು? ಆಗ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು?

ಕೊನೆಯ ಪ್ರಶ್ನೆ ಮುಖ್ಯ. ಈ ಬರಹ ಓದಿ ಹೆದರಿ ಯಾರೂ ಔಷಧಿ ಬಿಡಬೇಡಿ. ಬಹಳ ದಿನ ತಿಂದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ, ಆರ್ಥ್ರೈಟಿಸ್ ಮಾತ್ರೆ ಬಿಟ್ಟರೆ ಕೀಲು ಹಾಳಾಗುತ್ತದೆ, ಲೂಪಸ್ ಮಾತ್ರೆ ಬಿಟ್ಟರೆ ಕಿಡ್ನಿ. ಮುಂದಿನ ಅಪಾಯಿಂಟ್‌ಮೆಂಟಿಗೆ ಹೋಗುವಾಗ ಈ ನಾಲ್ಕು ಪ್ರಶ್ನೆಗಳನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತಾಗ ಮರೆತುಹೋಗುತ್ತದೆ.